ಹುಂಜದ ಚಿತ್ರದಲ್ಲಿ ಬುದ್ಧನೆಲ್ಲಿ?

ಪತ್ರ: ಜಪಾನಿನ ಚಿತ್ರಕಾರ ಇತೋ ಜಾಕುಚೂ ಅವರ ‘ದೋಶೊಕು ಸೈ-ಎ’ ಚಿತ್ರಮಾಲೆ ಬೌದ್ಧ ಪ್ರೇರಣೆಯದು, ಅದರಲ್ಲಿ ಮೂವತ್ತು ಚಿತ್ರಗಳಿವೆ ಎಂದು ಬರೆದಿದ್ದಿರಿ. ಜಪಾನಿಗೆ ಹೋದಾಗ ಹುಡುಕಿಕೊಂಡು ಹೋದೆ. ಗೋಡೆಯ ಮೇಲೆ ಇದ್ದದ್ದು ನಾಲ್ಕೇ. ಕೋಣೆಯಲ್ಲಿ ಮಬ್ಬುಗತ್ತಲೆ. ಆ ನಾಲ್ಕರಲ್ಲೂ ಕೋಳಿ, ಮೀನು, ಹುಳಹುಪ್ಪಟೆ. ಬುದ್ಧ ಎಲ್ಲಿದ್ದಾನೆ? – ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇವೆ, ಏಕೆಂದರೆ ಅಲ್ಲಿ ತಪ್ಪು ನಮ್ಮದು. ಮೂವತ್ತು ಎಂದು ಬರೆದು ನಿಲ್ಲಿಸಬಾರದಿತ್ತು. ಜಾಕುಚೂ ಬರೆದದ್ದು ಮೂವತ್ತಮೂರು. ಉಳಿದ ಮೂರರಲ್ಲಿ ನಡುವೆ ಶಾಕ್ಯಮುನಿ ಬುದ್ಧ, ಒಂದು ಪಕ್ಕ ಸಿಂಹದ ಮೇಲೆ ಬೋಧಿಸತ್ವ ಮಂಜುಶ್ರೀ, ಇನ್ನೊಂದು ಪಕ್ಕ ಆನೆಯ ಮೇಲೆ ಬೋಧಿಸತ್ವ ಸಮಂತಭದ್ರ. ನೀವು ನೋಡಿದ ಹುಂಜ, ಮೀನು, ಹುಳಗಳೆಲ್ಲ ಈ ಮೂವರ ಎಡಬಲಕ್ಕೆ ನೆರೆದ ಸಭೆ.

ಜಾಕುಚೂ (1716–1800) ಕ್ಯೋಟೋದ ನಿಶಿಕಿ ಪೇಟೆಯ ತರಕಾರಿ ಸಗಟು ವ್ಯಾಪಾರದ ಮನೆತನದವರು. ಶೋಕೊಕುಜಿ ಎಂಬ ಝೆನ್ ದೇವಾಲಯದ ಭಿಕ್ಷು ದೈತೆನ್ ಅವರ ಆಪ್ತರು. ಮನೆಯಂಗಳದಲ್ಲಿ ಹತ್ತಾರು ಕೋಳಿ ಸಾಕಿ ಅವುಗಳನ್ನು ನೋಡಿ ನೋಡಿ ಬರೆದರೆಂದು ದೈತೆನ್ ದಾಖಲಿಸಿದ್ದಾರೆ. ಪೇಟೆಯಲ್ಲಿ ಮಾರಾಟಕ್ಕಿದ್ದ ಗುಬ್ಬಿಗಳನ್ನು ಕೊಂಡು ಹಾರಲು ಬಿಟ್ಟ ಸಂಗತಿಯೂ ಅವರದೇ ಬರಹದಲ್ಲಿದೆ. ಹುಲ್ಲು, ಮರ, ನೆಲವೂ ಬುದ್ಧತ್ವ ಪಡೆಯುತ್ತವೆ ಎಂಬುದು ಜಪಾನಿನ ಬೌದ್ಧರಲ್ಲಿ ಬೇರೂರಿದ ನಂಬಿಕೆ. ಹುಳು ತಿಂದ ಎಲೆಯ ಒಂದೊಂದು ತೂತನ್ನೂ ಬಿಡದೆ ಬರೆದ ಆ ಕೈಯ ಹಿಂದೆ ಈ ನಂಬಿಕೆಯಿದೆ ಎಂಬುದು ನಮ್ಮ ತಿಳಿವಳಿಕೆ. ಕ್ಯೋಟೋ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಅವರದೇ ಒಂದು ಮಸಿಚಿತ್ರವಿದೆ. ಬೋರಲು ಹಾಕಿದ ಬುಟ್ಟಿಯ ಮೇಲೆ ಮೂಲಂಗಿಯೊಂದು ಮಲಗಿದೆ, ಸುತ್ತಲೂ ಕುಂಬಳ, ಬದನೆ, ಅಣಬೆ ನೆರೆದಿವೆ, ಸಾಲವೃಕ್ಷಗಳ ಜಾಗದಲ್ಲಿ ಮುಸುಕಿನ ಜೋಳದ ದಂಟುಗಳು ನಿಂತಿವೆ. ಅದು ಬುದ್ಧ ಸಾಲವೃಕ್ಷಗಳ ನಡುವೆ ಮಲಗಿ ದೇಹ ಬಿಟ್ಟ ಗಳಿಗೆ, ಅಂದರೆ ಪರಿನಿರ್ವಾಣ. ಮಾಲೆಯನ್ನು ನೋಡುವ ಮೊದಲು ಇದನ್ನು ನೋಡಿದವರಿಗೆ ಹುಂಜದ ಗುಟ್ಟು ಬೇಗ ಸಿಗುತ್ತದೆ.

1765ರಲ್ಲಿ ಜಾಕುಚೂ ಬುದ್ಧನ ಮೂರು ಚಿತ್ರಗಳನ್ನೂ ಮಾಲೆಯ 24 ಚಿತ್ರಗಳನ್ನೂ ಶೋಕೊಕುಜಿಗೆ ದಾನ ಕೊಟ್ಟರು, ಉಳಿದ ಆರು ಆಮೇಲೆ ಸೇರಿದವು. ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಮುಂದೆ ತಪ್ಪೊಪ್ಪಿಕೊಳ್ಳುವ ವಾರ್ಷಿಕ ವಿಧಿಯ ದಿನ ಇವನ್ನು ಒಟ್ಟಿಗೆ ತೂಗುಹಾಕುತ್ತಿದ್ದರು. 1889ರಲ್ಲಿ ದೇವಾಲಯ ಮೂವತ್ತನ್ನು ಚಕ್ರವರ್ತಿಯ ಮನೆತನಕ್ಕೆ ಒಪ್ಪಿಸಿತು, ಪ್ರತಿಯಾಗಿ 10,000 ಯೆನ್ ಬಂತು. ಬುದ್ಧನ ಮೂರು ದೇವಾಲಯದಲ್ಲೇ ಉಳಿದವು. ಅಂದಿನಿಂದ ಸಭೆ ಒಂದು ಕಡೆ, ಬುದ್ಧ ಇನ್ನೊಂದು ಕಡೆ. 2007ರಲ್ಲಿ ದೇವಾಲಯದ್ದೇ ಜೋತೆನ್‌ಕಾಕು ಮ್ಯೂಸಿಯಂನಲ್ಲಿ, 2012ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ, 2016ರಲ್ಲಿ ಟೋಕಿಯೋದಲ್ಲಿ ಮೂವತ್ತಮೂರೂ ಮತ್ತೆ ಕೂಡಿದವು. ಟೋಕಿಯೋದಲ್ಲಿ ಅದು ಇದ್ದದ್ದು 31 ದಿನ ಮಾತ್ರ. ನೋಡಿದವರು ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಸಾಲಿನಲ್ಲಿ ಐದು ಗಂಟೆ ಕಾದವರೂ ಇದ್ದರು.

ಇನ್ನು ಕತ್ತಲೆಯ ಮಾತು. ರೇಷ್ಮೆಯ ಮೇಲಿನ ಇಂಥ ಚಿತ್ರಕ್ಕೆ 50 ಲಕ್ಸ್ ಆಸುಪಾಸಿನ ಬೆಳಕಷ್ಟೇ ಕೊಡುತ್ತಾರೆ. ಓದುವ ಮೇಜಿನ ಮೇಲೆ ಇದರ ಆರೇಳು ಪಟ್ಟು ಬೆಳಕು ಇರುತ್ತದೆ. ಬೆಳಕಿನ ಹಾನಿ ಬ್ಯಾಂಕಿನ ಸಾಲದ ಹಾಗೆ ಕೂಡುತ್ತಾ ಹೋಗುತ್ತದೆ, ಚಿತ್ರವನ್ನು ಕತ್ತಲಲ್ಲಿಟ್ಟರೆ ತೀರುವುದಿಲ್ಲ. ಗಿಡಮೂಲದ ಬಣ್ಣ ಮಾಸುತ್ತದೆ, ರೇಷ್ಮೆ ಹಳದಿಗಟ್ಟಿ ಪುಡಿಯಾಗುತ್ತದೆ. ಖನಿಜದ ಬಣ್ಣ ಮಾಸದಿದ್ದರೂ ಅದನ್ನು ಹಿಡಿದಿರುವ ಪ್ರಾಣಿಜನ್ಯ ಅಂಟು ಒಣಗಿ ಸೋಲುತ್ತದೆ. ಆಗ ಸುರುಳಿ ಬಿಚ್ಚಿ ಸುತ್ತಿದಾಗಲೆಲ್ಲ ದಪ್ಪಗೆ ಬಳಿದ ಬಣ್ಣ ಅಡ್ಡಡ್ಡ ಬಿರಿದು ಚಕ್ಕೆ ಏಳುತ್ತದೆ. ಹೀಗಾಗಿ ಜಪಾನಿನ ಸರ್ಕಾರಿ ಮಾರ್ಗಸೂಚಿಯಂತೆ ‘ರಾಷ್ಟ್ರೀಯ ನಿಧಿ’ ಎಂದು ಘೋಷಿತವಾದ ಇಂಥ ಕೃತಿಯೊಂದನ್ನು ವರ್ಷಕ್ಕೆ ಹೆಚ್ಚೆಂದರೆ ಎರಡು ಸಲ, ಒಟ್ಟು 60 ದಿನ ತೋರಿಸಬಹುದು, ಬೇಗ ಮಾಸುವಂಥದ್ದಾದರೆ 30 ದಿನ. ಈ ಮಾಲೆ 2021ರಿಂದ ರಾಷ್ಟ್ರೀಯ ನಿಧಿ. ಹಾಗಾಗಿ ಸರದಿಯಂತೆ ಕೆಲವನ್ನಷ್ಟೇ ತೂಗುಹಾಕುತ್ತಾರೆ, ನಿಮಗೆ ನಾಲ್ಕೇ ಸಿಕ್ಕಿದ್ದು ಈ ಲೆಕ್ಕದಿಂದ.

1999ರಿಂದ 2004ರವರೆಗೆ ನಡೆದ ದುರಸ್ತಿಯಲ್ಲಿ ಬೆನ್ನಿನ ಹಳೆಯ ಕಾಗದ ತೆಗೆದಾಗ ರೇಷ್ಮೆಯ ಹಿಂಬದಿಯಲ್ಲೂ ಎಷ್ಟು ಬಣ್ಣವಿದೆ ಎಂಬುದು ಬಯಲಾಯಿತು. ಬಿಳಿ ಫೀನಿಕ್ಸ್ ಚಿತ್ರದ ಗರಿಗಳು ಚಿನ್ನದಂತೆ ಹೊಳೆಯುತ್ತವೆ, ಆದರೆ ಅಲ್ಲಿ ಚಿನ್ನವಿಲ್ಲ. ಮುಂಬದಿಯಲ್ಲಿ ಸಿಂಪಿಚಿಪ್ಪಿನ ಪುಡಿಯ ಬಿಳಿ ಎಳೆಗಳು, ಹಿಂಬದಿಯಲ್ಲಿ ಹಳದಿ ಕಾವಿ. ನೇಯ್ಗೆಯ ಕಿಂಡಿಗಳಿಂದ ಆ ಹಳದಿ ಸೋಸಿ ಬಂದು ಬಿಳಿಯೊಡನೆ ಬೆರೆತು ಚಿನ್ನವಾಗುತ್ತದೆ. ಜೋರು ದೀಪದಲ್ಲಿ ಬಿಳಿ ಮಾತ್ರ ಎದ್ದು ಕಾಣುತ್ತದೆ ಎಂದು ನಮಗನ್ನಿಸುತ್ತದೆ. ಮಂದ ಬೆಳಕೇ ಇದಕ್ಕೆ ಸರಿ.

ಮುಂದಿನ ಸಲ ಹೋಗುವಾಗ ಪ್ರದರ್ಶನದ ಹೆಸರು, ದಿನಾಂಕ ಮಾತ್ರ ನೋಡಿ ಟಿಕೆಟ್ ತೆಗೆಯಬೇಡಿ. ಯಾವ ಚಿತ್ರ ಯಾವ ವಾರ ಇರುತ್ತದೆ ಎಂಬ ಪಟ್ಟಿಯನ್ನು ಮ್ಯೂಸಿಯಂನವರೇ ಪ್ರಕಟಿಸುತ್ತಾರೆ; ಜಪಾನಿ ಪಟ್ಟಿಯಲ್ಲಿ ‘ಝೆನ್‌ಕಿ’ ಎಂದರೆ ಮೊದಲರ್ಧ, ‘ಕೋಕಿ’ ಎಂದರೆ ಎರಡನೆಯರ್ಧ. ಒಳಗೆ ಹೋದ ಕೂಡಲೇ ಗಾಜಿನ ಹತ್ತಿರ ಓಡದೆ ಕಣ್ಣು ಹೊಂದಿಕೊಳ್ಳಲು ಐದು ಹತ್ತು ನಿಮಿಷ ಕೊಡಿ, ಆ ಹೊತ್ತಿನಲ್ಲಿ ಫೋನಿನ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಶುರು. ಹತ್ತಿರದ ವಸ್ತುವಿಗೂ ಫೋಕಸ್ ಆಗುವ, ನಾಲ್ಕು ಪಟ್ಟು ಹಿಗ್ಗಿಸುವ ಒಂಟಿಕಣ್ಣಿನ ದುರ್ಬೀನು ಜೇಬಿನಲ್ಲಿರಲಿ. ಮೊದಲು ನೇರ ನಿಂತು ನೋಡಿ, ಆಮೇಲೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಹುಂಜದ ಎದೆಯ ಬಿಳಿ ಚುಕ್ಕೆಗಳು ರೇಷ್ಮೆಗಿಂತ ಎಷ್ಟು ಮೇಲೆದ್ದು ಕೂತಿವೆ ಎಂಬುದು ಅಲ್ಲಿಂದ ಕಾಣುತ್ತದೆ.