ತಿರುವಿನಲ್ಲಿ ನಮ್ಮನ್ನು ಹೊರಕ್ಕೆ ತಳ್ಳುವುದು ಯಾವ ಬಲ?

ಪ್ರಶ್ನೆ: ಮಡಿಕೇರಿಯಿಂದ ಸುಳ್ಯಕ್ಕೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಬಸ್ಸು ಎಡಕ್ಕೆ ತಿರುಗಿದರೆ ನಾವೆಲ್ಲ ಬಲಗಡೆಗೆ ವಾಲುತ್ತೇವೆ. ನಮ್ಮ ಮೇಲೆ ಹೊರಮುಖವಾದ ಬಲ ಇರಲೇಬೇಕಲ್ಲವೆ? ಪುಸ್ತಕದಲ್ಲಿ ಮಾತ್ರ ಬಲ ಕೇಂದ್ರದ ಕಡೆಗೆ ಎಂದಿದೆ.
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಪುಸ್ತಕ ಹೇಳಿದ್ದೇ ಸರಿ. ನೀವು ವಾಲುವುದೂ ನಿಜ, ಅದಕ್ಕೆ ಕೊಟ್ಟ ಕಾರಣವಷ್ಟೇ ತಪ್ಪು.

ಯಾವುದೇ ಬಲದ ಮಾತು ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು: ಇದನ್ನು ಪ್ರಯೋಗಿಸುತ್ತಿರುವ ವಸ್ತು ಯಾವುದು? ಭೂಮಿ ನಿಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಸೀಟು ಮೇಲಕ್ಕೆ ಒತ್ತುತ್ತದೆ. ಹೊರಕ್ಕೆ ತಳ್ಳುವ ವಸ್ತು? ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅಂಥ ಬಲವೇ ಅಲ್ಲಿಲ್ಲ.

1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮದಂತೆ, ಬಲ ಬೇಕಾಗುವುದು ಚಲಿಸುತ್ತಲೇ ಇರುವುದಕ್ಕಲ್ಲ, ಚಲನೆ ಬದಲಾಗುವುದಕ್ಕೆ. ದಿಕ್ಕು ಬದಲಾದರೂ ಅದು ಬದಲಾವಣೆಯೇ. ರಸ್ತೆಯ ಘರ್ಷಣೆ ಟೈರುಗಳನ್ನು ಎಡಕ್ಕೆ ಒತ್ತುವುದರಿಂದ ಬಸ್ಸು ತಿರುಗುತ್ತದೆ. ನಿಮ್ಮ ದೇಹವಾದರೋ ಮೊದಲಿನ ದಾರಿಯಲ್ಲೇ ನೇರ ಹೋಗಲು ನೋಡುತ್ತದೆ. ತಡೆಗೋಡೆಯ ಬಳಿ ನಿಂತು ನೋಡುವವರಿಗೆ ನೀವು ಹೊರಕ್ಕೆ ಹಾರಿದ್ದು ಕಾಣುವುದಿಲ್ಲ, ನಿಮ್ಮ ಕೆಳಗಿನ ಸೀಟು ಎಡಕ್ಕೆ ಸರಿದದ್ದು ಕಾಣುತ್ತದೆ. ಬಲಗಡೆಯ ಕಿಟಕಿ ಪಕ್ಕ ಕೂತವರ ಭುಜಕ್ಕೆ ಬಸ್ಸಿನ ಗೋಡೆ ಒತ್ತುತ್ತದಲ್ಲ, ಆ ಒತ್ತುವಿಕೆ ಯಾವ ಕಡೆಗೆ? ಎಡಕ್ಕೆ, ಅಂದರೆ ತಿರುವಿನ ಒಳಗಡೆಗೆ. ಕೇಂದ್ರಾಭಿಮುಖ ಬಲ ಎಂದರೆ ಅದೇ.

ಈಗ ಲೆಕ್ಕ ಹಾಕೋಣ. ತಿರುವಿನ ತ್ರಿಜ್ಯ 15 ಮೀಟರ್, ಬಸ್ಸಿನ ಜವ ಗಂಟೆಗೆ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್ ಎಂದಿಟ್ಟುಕೊಳ್ಳಿ. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, 60 ಕಿಲೋ ದ್ರವ್ಯರಾಶಿಯಿಂದ ಗುಣಿಸಿದರೆ 100 ನ್ಯೂಟನ್. ರೆಕ್ಸಿನ್ ಸೀಟಿನ ಘರ್ಷಣಾಂಕ (ಮೇಲಿನ ತೂಕದ ಎಷ್ಟು ಪಾಲಿನಷ್ಟು ಘರ್ಷಣೆ ಸಿಗಬಲ್ಲದು ಎಂಬ ಸಂಖ್ಯೆ) 0.3 ಎಂದರೆ ಅದು ಸುಮಾರು 176 ನ್ಯೂಟನ್‌ವರೆಗೆ ಕೊಡಬಲ್ಲದು. ನೀವು ಕೂತಲ್ಲೇ ಇರುತ್ತೀರಿ. ಅದೇ ತಿರುವನ್ನು 36 ಕಿ.ಮೀ. ಜವದಲ್ಲಿ ತೆಗೆದುಕೊಂಡರೆ? ಜವ ಎರಡು ಪಟ್ಟು, ಬೇಕಾದ ಬಲ ನಾಲ್ಕು ಪಟ್ಟು: 400 ನ್ಯೂಟನ್. ಸೀಟಿನಿಂದ ಅಷ್ಟು ಆಗದು. ಉಳಿದದ್ದನ್ನು ಕಂಬಿಯೋ ಗೋಡೆಯೋ ಪಕ್ಕದವರ ಭುಜವೋ ಕೊಡಬೇಕು.

ಬಸ್ಸಿಗೂ ಇದೇ ಲೆಕ್ಕ. ಇಳಿಜಾರನ್ನೂ ರಸ್ತೆಯ ಓರೆಯನ್ನೂ ಬಿಟ್ಟು ನೋಡಿದರೆ, ಅದೇ 36 ಕಿ.ಮೀ. ಜವಕ್ಕೆ ಟೈರು-ರಸ್ತೆಯ ಘರ್ಷಣಾಂಕ ಕನಿಷ್ಠ 0.68 ಇರಬೇಕು. ಒಣ ಡಾಂಬರಿನಲ್ಲಿ 0.7 ಸಿಕ್ಕೀತು. ಮಳೆಯಲ್ಲಿ ಅದು 0.4ಕ್ಕೆ ಇಳಿದರೆ ಬಸ್ಸು ತಿರುಗದೆ ಜಾರುತ್ತದೆ. ಜೂನ್‌ನಿಂದಾಚೆ ಕೊಡಗಿನ ತಿರುವುಗಳಲ್ಲಿ ನಿಧಾನ ಹೋಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಗಾಡಿ ಭಾರವಾಗಿದ್ದರೆ ಜಾರುವುದಿಲ್ಲ ಎಂಬ ನಂಬಿಕೆ ಬೇಡ: ತಿರುಗಲು ಬೇಕಾದ ಬಲವೂ ಸಿಗುವ ಘರ್ಷಣೆಯೂ ದ್ರವ್ಯರಾಶಿಯಷ್ಟೇ ಪಟ್ಟು ಹೆಚ್ಚುವುದರಿಂದ ಅದು ಎರಡೂ ಕಡೆ ಹೊಡೆದುಹೋಗುತ್ತದೆ. ಪಿಕಪ್‌ನಲ್ಲಿ ಕಾಫಿ ಮೂಟೆಗಳನ್ನು ಎತ್ತರಕ್ಕೆ ಪೇರಿಸಿದ್ದರಂತೂ ಜಾರುವ ಮೊದಲೇ ಮಗುಚುವ ಅಪಾಯವಿದೆ.

ಕೇಂದ್ರಾಪಗಾಮಿ ಬಲ ಎಂಬುದು ತಿರುಗುವ ಬಸ್ಸನ್ನೇ ನಿಶ್ಚಲವೆಂದು ಭಾವಿಸಿ ಲೆಕ್ಕ ಮಾಡುವವರ ಅನುಕೂಲಕ್ಕೆ ಸೇರಿಸಿಕೊಳ್ಳುವ ಹೊರಮುಖ ಬಲ. ಸದ್ಯಕ್ಕೆ ನಿಮ್ಮ ಚಿತ್ರದಲ್ಲಿ ಅದರ ಬಾಣ ಬರೆಯಬೇಡಿ.

ಪ್ರಶ್ನೆ: ಘಾಟಿ ಇಳಿಯುವಾಗ ಬ್ರೇಕ್ ಇದ್ದೂ ಡ್ರೈವರ್ ಸೆಕೆಂಡ್ ಗೇರ್ ಹಾಕುವುದೇಕೆ?
– ಸೋಮವಾರಪೇಟೆಯ ಓದುಗರು

ಉತ್ತರ: ಒಂದೇ ಜವದಲ್ಲಿ ನೇರ ಇಳಿಯಬೇಕಾದರೆ ಬಸ್ಸಿನ ಮೇಲಿನ ಒಟ್ಟು ಬಲ ಸೊನ್ನೆ ಇರಬೇಕು. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ 10 ಟನ್ ಬಸ್ಸನ್ನು ಗುರುತ್ವ ಸುಮಾರು 9,800 ನ್ಯೂಟನ್‌ನಷ್ಟು ಕೆಳಕ್ಕೆ ಎಳೆಯುತ್ತದೆ. ಅಷ್ಟೇ ಬಲ ಹಿಂದಕ್ಕೂ ಬೇಕು. ಅದನ್ನೆಲ್ಲ ಬ್ರೇಕೇ ಹೊತ್ತರೆ, 100 ಮೀಟರ್ ಎತ್ತರ ಇಳಿಯುವಷ್ಟರಲ್ಲಿ 98 ಲಕ್ಷ ಜೂಲ್ ಶಾಖ ಡ್ರಮ್ಮು-ಲೈನರುಗಳಿಗೆ ಸೇರುತ್ತದೆ. ಕಾದ ಲೈನರಿನ ಘರ್ಷಣೆ ಕುಗ್ಗಿ ಬ್ರೇಕ್ ಹಿಡಿಯದಂತಾಗುತ್ತದೆ. ಕೆಳ ಗೇರಿನಲ್ಲಿ ಇಂಜಿನ್ನೇ ಚಕ್ರಗಳನ್ನು ತಡೆದು ಆ ಹೊರೆಯ ದೊಡ್ಡ ಪಾಲನ್ನು ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.