ಬ್ರಾಂಜ್‌ವಿಲ್‌ಗೆ ಬರಲು ಹೆದರಬೇಡಿ

ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಆದರೆ ಅದು ಶಿಕಾಗೋದ ದಕ್ಷಿಣ ಭಾಗವಾದ ಸೌತ್ ಸೈಡ್‌ನ ಬ್ರಾಂಜ್‌ವಿಲ್‌ನಲ್ಲಿದೆ, ಕಪ್ಪು ಜನರ ಏರಿಯಾ ಅಂತೆ, ಅಲ್ಲಿ ಇರಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಇರಬಹುದು. ರಾತ್ರಿ ತಡವಾದರೆ ಒಬ್ಬರೇ ನಡೆಯಬೇಡಿ. ರೈಲಿನಲ್ಲಿ ಬಾಗಿಲ ಪಕ್ಕ ಕೂತು ಫೋನ್ ನೋಡಬೇಡಿ. ಕ್ಯಾಂಪಸ್ ಸೆಕ್ಯುರಿಟಿಯವರ ನಂಬರ್ ಇಟ್ಟುಕೊಳ್ಳಿ. ಇಷ್ಟು ಎಚ್ಚರ ಯಾವ ದೊಡ್ಡ ಊರಿನಲ್ಲೂ ಬೇಕು, ಅಲ್ವಾ?

ಇಲ್ಲಿನ ನಮ್ಮ ಜನ ಜಾಸ್ತಿ ಇರುವುದು ನೇಪರ್‌ವಿಲ್, ಅರೋರಾ ಅನ್ನುವ ಉಪನಗರಗಳ ಕಡೆ. ಸೌತ್ ಸೈಡ್ ಬಗ್ಗೆ ಅವರಲ್ಲಿ ಅನೇಕರು ಮಾತಾಡುವುದು ಟಿವಿ ಸುದ್ದಿ ನೋಡಿ. ಇದು ನನಗೆ ತುಂಬಾ ಬೇಸರದ ವಿಷಯ. ಏಕೆಂದರೆ ಟಿವಿಯಲ್ಲಿ ಕಪ್ಪು ಹುಡುಗ ಹುಡುಗಿಯರು ಬರೀ ಗಲಾಟೆಯ ಸುದ್ದಿಯಲ್ಲೇ ಕಾಣುತ್ತಾರೆ ಅನ್ನುವ ಕೊರಗಿಗೆ ಉತ್ತರ ಕೊಟ್ಟ ಮನುಷ್ಯ ಈ ಏರಿಯಾದವರೇ. ಡಾನ್ ಕಾರ್ನೀಲಿಯಸ್.

1936ರಲ್ಲಿ ಸೌತ್ ಸೈಡ್‌ನಲ್ಲೇ ಹುಟ್ಟಿದರು. ಬ್ರಾಂಜ್‌ವಿಲ್‌ನ ಡುಸಾಬಲ್ ಹೈಸ್ಕೂಲಿನಲ್ಲಿ ಓದಿದರು. ಇನ್ಶೂರೆನ್ಸ್ ಮಾರಿದರು, ಆಮೇಲೆ ರೇಡಿಯೋ ಸೇರಿದರು. ಹಾಡುವವರ ತಂಡ ಕಟ್ಟಿಕೊಂಡು ಊರಿನ ಹೈಸ್ಕೂಲುಗಳನ್ನು ಸುತ್ತುತ್ತಿದ್ದರು. ಆ ಓಡಾಟಕ್ಕೇ ‘ಸೋಲ್ ಟ್ರೇನ್’ ಅಂತ ಕರೆದರು. 1970ರ ಆಗಸ್ಟ್‌ನಲ್ಲಿ ಅದೇ ಹೆಸರಿನ ಹಾಡು-ಕುಣಿತದ ಟಿವಿ ಕಾರ್ಯಕ್ರಮ ಶಿಕಾಗೋದ ಒಂದು ಲೋಕಲ್ ಚಾನೆಲ್‌ನಲ್ಲಿ ಶುರುವಾಯಿತು. ಇಕ್ಕಟ್ಟಾದ ಸ್ಟುಡಿಯೋ, ಕಪ್ಪು-ಬಿಳುಪು ಚಿತ್ರ, ಕುಣಿಯಲು ಬಂದ ಊರಿನ ಹುಡುಗರು. ಮರುವರ್ಷ ಲಾಸ್ ಏಂಜಲೀಸ್‌ನಿಂದ ದೇಶದ ಬೇರೆ ಊರುಗಳಿಗೂ ಪ್ರಸಾರವಾಯಿತು. 2006ರವರೆಗೆ ನಡೆಯಿತು. ಎರಡು ಸಾಲು ಜನ ನಿಂತು, ನಡುವೆ ಇಬ್ಬರು ಕುಣಿದು ಬರುವ ಆ ‘ಸೋಲ್ ಟ್ರೇನ್ ಲೈನ್’ ಇಂದಿಗೂ ಇಲ್ಲಿನ ಮದುವೆಗಳಲ್ಲಿ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಬೇರೆ. ಆ ಕಾರ್ಯಕ್ರಮದ ಒಡೆತನ ಅವರದ್ದೇ. ಜಾಹೀರಾತು ಕೊಟ್ಟು ಬೆನ್ನಿಗೆ ನಿಂತಿದ್ದು ಶಿಕಾಗೋದ ಕಪ್ಪು ಮಾಲೀಕರ ಕಂಪನಿ ಜಾನ್ಸನ್ ಪ್ರಾಡಕ್ಟ್ಸ್, ಆಫ್ರೋ ಶೀನ್ ಅನ್ನುವ ಕೂದಲ ಆರೈಕೆಯ ಸಾಮಾನು ಮಾಡುತ್ತಿದ್ದವರು. ತಮ್ಮ ಕತೆಯನ್ನು ತಾವೇ ತೋರಿಸಿದರು.

ಇಂಥ ಧೈರ್ಯ ಸುಮ್ನೆ ಬರಲಿಲ್ಲ. ಮಿಸಿಸಿಪಿಯಂಥ ದಕ್ಷಿಣದ ರಾಜ್ಯಗಳಿಂದ ರೈಲು ಹತ್ತಿ ಬಂದ ಕಪ್ಪು ಜನರಿಗೆ ಬೇರೆ ಕಡೆ ಮನೆ ಸಿಗುತ್ತಿರಲಿಲ್ಲ. ಅವರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು ಅಂತ ಮನೆಯ ಕರಾರುಪತ್ರದಲ್ಲೇ ಬರೆದಿರುತ್ತಿದ್ದರು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂದಿತು. ಅಲ್ಲಿಯವರೆಗೂ ಡಾಕ್ಟರು, ಕಸಾಯಿಖಾನೆ ಕೂಲಿ, ಹಾಡುಗಾರ ಎಲ್ಲರೂ ಒಂದೇ ಕಿರಿದಾದ ಜಾಗದಲ್ಲಿ ಬದುಕಿದರು. ಅಲ್ಲೇ ಕಪ್ಪು ಜನರ ‘ಶಿಕಾಗೋ ಡಿಫೆಂಡರ್’ ಪತ್ರಿಕೆ ಬೆಳೆಯಿತು. 47ನೇ ರಸ್ತೆಯಲ್ಲಿ ರೀಗಲ್ ಥಿಯೇಟರ್ ಇತ್ತು. ಡುಸಾಬಲ್‌ನಲ್ಲಿ ವಾಲ್ಟರ್ ಡಯಟ್ ಅನ್ನುವ ಸಂಗೀತದ ಮೇಷ್ಟ್ರು ಇದ್ದರು. ಹೆಸರಾಂತ ಹಾಡುಗಾರರಾದ ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್ ಇಬ್ಬರೂ ಆ ಮೇಷ್ಟ್ರ ಶಿಷ್ಯರು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಕವಿ ಗ್ವೆಂಡೊಲಿನ್ ಬ್ರೂಕ್ಸ್ ಬೆಳೆದದ್ದೂ ಇಲ್ಲೇ.

ನಿಮ್ಮ ಕಾಲೇಜಿನ ಕ್ರೌನ್ ಹಾಲ್ ನೋಡಲು ವಾಸ್ತುಶಿಲ್ಪದ ವಿದ್ಯಾರ್ಥಿಗಳು ದೂರದಿಂದ ಬರುತ್ತಾರೆ. ಅದು ನಿಂತ ಜಾಗದಲ್ಲಿ ಮೆಕ್ಕಾ ಫ್ಲಾಟ್ಸ್ ಅನ್ನುವ ದೊಡ್ಡ ವಠಾರ ಇತ್ತು, ತುಂಬಾ ಕಪ್ಪು ಕುಟುಂಬಗಳ ಮನೆ. ಕ್ಯಾಂಪಸ್ ಬೆಳೆಸಲು 1952ರಲ್ಲಿ ಅದನ್ನು ಕೆಡವಿದರು. ಹಾಗಿರುವಾಗ ಅಲ್ಲಿಗೆ ಓದಲು ಬರುವ ನಾವು ನೆರೆಯವರನ್ನು ಕಂಡು ರಸ್ತೆ ದಾಟಿ ಹೋಗುವುದು ಸರಿಯಲ್ಲ. ನಮಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದೂ ಕಪ್ಪು ಜನರ ಹಕ್ಕಿನ ಹೋರಾಟದ ಕಾಲದಲ್ಲೇ.

ಬಂದ ಮೊದಲ ಶನಿವಾರ, ಹಗಲಿನಲ್ಲಿ, 35ನೇ ರಸ್ತೆ ಹಿಡಿದು ಪೂರ್ವಕ್ಕೆ ಕಿಂಗ್ ಡ್ರೈವ್‌ವರೆಗೆ ನಡೆಯಿರಿ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಸ್ಮಾರಕ ಅಲ್ಲಿದೆ. ಎದುರಿಗೆ ಸಿಕ್ಕವರು ಗುಡ್ ಮಾರ್ನಿಂಗ್ ಅಂದರೆ ನಿಂತು ನೀವೂ ಹೇಳಿ. ರೂಮಿನ ಬಾಡಿಗೆ ಬಗ್ಗೆ ಕೇಳಿದ್ದಿರಲ್ಲ, ಅದನ್ನು ನಾಳೆ ಬೇರೆಯಾಗಿ ಬರೆಯುತ್ತೇನೆ.