ಮಗುವನ್ನು ತಳ್ಳಿದ್ದು ಯಾರು?

‘ಕಳೆದ ಸಂಚಿಕೆಯಲ್ಲಿ ಕಾರ್ಥೇಜಿನ ಹುತಾತ್ಮೆ ಪೆರ್ಪೆತುವಾಳ ಲೇಖನ ಓದಿದೆ. ಮೊಲೆಹಾಲು ಕುಡಿಯುವ ಮಗುವನ್ನು ದೂರ ತಳ್ಳಿ, ಮುದಿ ತಂದೆಯನ್ನು ಗೋಳಾಡಿಸಿ ಸಾಯಲು ಹೊರಟವಳನ್ನು ನಾವೇಕೆ ಕೊಂಡಾಡಬೇಕು?’
— ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ತಂದೆಯ ಬಗ್ಗೆ ನಿಮಗೆ ಮರುಕ ಹುಟ್ಟಿದ್ದು ಸಹಜವೇ. ಕ್ರೈಸ್ತ ನಂಬಿಕೆ ಬಿಟ್ಟು ಜೀವ ಉಳಿಸಿಕೋ ಎಂದು ಮಗಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು, ‘ಮಗಳೇ’ ಅನ್ನುವ ಬದಲು ‘ಒಡತಿ’ ಎಂದು ಕರೆದ ಅಪ್ಪ ಆತ. ರೋಮನ್ ಅಧಿಕಾರಿ ಹಿಲರಿಯಾನಸ್ ಅವನನ್ನು ಕೋಲಿನಿಂದ ಹೊಡೆಸಿದಾಗ ಏಟು ತನಗೇ ಬಿದ್ದಷ್ಟು ನೋವಾಯಿತು ಎಂದು ಬರೆದವಳು ಅದೇ ಮಗಳು. ಅವಳು ಬರೆದಿಡದಿದ್ದರೆ ಆ ಅಪ್ಪನ ಸಂಕಟ ನಿಮಗಾಗಲಿ ನನಗಾಗಲಿ ಗೊತ್ತೇ ಆಗುತ್ತಿರಲಿಲ್ಲ.

ಕ್ರಿ.ಶ. 203. ಉತ್ತರ ಆಫ್ರಿಕದ ಕಾರ್ಥೇಜ್, ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಾಲ. ಒಳ್ಳೆಯ ಮನೆತನದ, ಚೆನ್ನಾಗಿ ಓದಿಕೊಂಡಿದ್ದ ಪೆರ್ಪೆತುವಾ ಕ್ರೈಸ್ತಳೆಂಬ ಕಾರಣಕ್ಕೆ ಸೆರೆಯಾದಾಗ ಅವಳಿಗೆ ಸುಮಾರು 22 ವರ್ಷ. ಸೆರೆಮನೆಯಲ್ಲಿ ಅವಳು ಸ್ವತಃ ಬರೆದ ದಿನಚರಿ ನಮ್ಮ ಕೈಯಲ್ಲಿದೆ. ಕತ್ತಲು, ಸೆಕೆ, ನೂಕುನುಗ್ಗಲು, ಸೈನಿಕರ ಸುಲಿಗೆ. ಇವೆಲ್ಲಕ್ಕಿಂತ ತನ್ನನ್ನು ಹಿಂಡಿದ್ದು ಮಗುವಿನ ಚಿಂತೆ ಅನ್ನುತ್ತಾಳೆ. ತೆರ್ತಿಯಸ್, ಪೊಂಪೋನಿಯಸ್ ಎಂಬ ಇಬ್ಬರು ಸಭಾಸೇವಕರು (ಚರ್ಚಿನ ಡೀಕನ್‌ಗಳು) ಕಾವಲಿನವರಿಗೆ ಲಂಚ ಕೊಟ್ಟು ಕೈದಿಗಳಿಗೆ ಕೆಲವು ಗಂಟೆ ಗಾಳಿ ಬೆಳಕು ದೊರಕಿಸಿದರು. ಅಷ್ಟರಲ್ಲಿ ಅವಳು ಮಾಡಿದ್ದೇನು ಗೊತ್ತೇ? ಹಸಿವಿನಿಂದ ಬಳಲಿದ ಕೂಸಿಗೆ ಹಾಲೂಡಿಸಿದಳು. ಮುಂದೆ ಮಗುವನ್ನು ಜತೆಗಿಟ್ಟುಕೊಳ್ಳಲು ಅಪ್ಪಣೆ ಸಿಕ್ಕಿದಾಗ, ಸೆರೆಮನೆಯೇ ಅರಮನೆಯಾಯಿತು ಎಂದಳು.

ವಿಚಾರಣೆ ಮುಗಿದು, ಮೃಗಗಳಿಗೆ ಎಸೆಯಬೇಕೆಂಬ ತೀರ್ಪಾಯಿತು. ಮಗುವಿಗೆ ಹಾಲಿನ ಹೊತ್ತಾಗಿದೆ, ಕಳಿಸಿಕೊಡಿ ಎಂದು ತಂದೆಗೆ ಹೇಳಿಕಳಿಸಿದಳು. ತಂದೆ ಕೊಡಲಿಲ್ಲ. ದಯವಿಟ್ಟು ಈ ಮಾತನ್ನು ಇನ್ನೊಮ್ಮೆ ಓದಿ: ತಂದೆ ಕೊಡಲಿಲ್ಲ.

ಹಾಗಾದರೆ ‘ದೂರ ತಳ್ಳಿದಳು’ ಅನ್ನುವುದು ಎಲ್ಲಿಂದ ಬಂತು? ನಿಮ್ಮದು ತಪ್ಪಲ್ಲ. ಬಹುಕಾಲದ ನಂತರ ಯಾರೋ ಈ ಕಥೆಯನ್ನು ಮೊಟಕುಗೊಳಿಸಿ ಹೊಸದಾಗಿ ಬರೆದರು. ಅದರಲ್ಲಿ ಅವಳು ಮಗುವನ್ನು ಎಸೆದು, ಮನೆಯವರನ್ನೆಲ್ಲ ‘ಅಧರ್ಮಿಗಳೇ, ತೊಲಗಿ’ ಎಂದು ಗದರುತ್ತಾಳೆ. ದಿನಚರಿಯಲ್ಲಿ ಎಲ್ಲೂ ಸುಳಿಯದ ಗಂಡ ಕೂಡ ಅಲ್ಲಿ ಬಂದು ನಿಲ್ಲುತ್ತಾನೆ! ಮಧ್ಯಯುಗದುದ್ದಕ್ಕೂ ಜನ ಹೆಚ್ಚಾಗಿ ಓದಿದ್ದು ಇಂಥ ಸಂಕ್ಷಿಪ್ತ ಕಥೆಗಳನ್ನೇ. ಮೂಲ ಲ್ಯಾಟಿನ್ ಪಾಠ ಅಚ್ಚಾಗಿದ್ದು 17ನೇ ಶತಮಾನದಲ್ಲಿ. ಭಕ್ತರಿಗೆ ಕಲ್ಲೆದೆಯ ಹುತಾತ್ಮೆ ಬೇಕಿತ್ತು, ಮಾಡಿಕೊಂಡರು. ಇಂದು ನಾವು ಅದೇ ಕಲ್ಲೆದೆಗಾಗಿ ಅವಳನ್ನು ಬೈಯುತ್ತೇವೆ.

ನನ್ನ ಹಳೆಯ ಸಿಟ್ಟು ಇದೇ. ಹೆಣ್ಣೊಬ್ಬಳು ತನ್ನ ಕೈಯಾರೆ ಬರೆದಿಟ್ಟಿದ್ದರೂ ನಾವು ಓದುವುದು ಅವಳ ಬಗ್ಗೆ ಇನ್ನೊಬ್ಬರು ಬರೆದದ್ದನ್ನು. ಲೇಖನ ಕಳಿಸುವವರೂ ಹಾಗೆಯೇ, ಸಾರಾಂಶದ ಮೇಲೆ ಸಾರಾಂಶ. ಅವಳ ಜತೆ ಸತ್ತ ಸಾತುರಸ್‌ನಿಗೆ, ರೆವೊಕಾತಸ್‌ನಿಗೆ ಮಕ್ಕಳಿದ್ದರೇ ಎಂದು ಈವರೆಗೆ ಒಬ್ಬ ಓದುಗರೂ ನನ್ನನ್ನು ಕೇಳಿಲ್ಲ. ತುಂಬು ಬಸುರಿಯಾಗಿ ಸೆರೆ ಸೇರಿದ ದಾಸಿ ಫೆಲಿಸಿತಾ ಅಲ್ಲಿಯೇ ಹೆತ್ತಳು. ಹೆರಿಗೆನೋವಿಗೆ ನರಳಿದಾಗ, ಇದಕ್ಕೇ ಹೀಗಾದರೆ ಮೃಗಗಳ ಮುಂದೆ ಏನು ಮಾಡುತ್ತೀ ಎಂದು ಕಾವಲಿನವನೊಬ್ಬ ಹಂಗಿಸಿದ. ಆ ಹೆಣ್ಣುಮಗುವನ್ನು ಕ್ರೈಸ್ತ ಸೋದರಿಯೊಬ್ಬಳು ತನ್ನ ಮಗಳಂತೆ ಸಾಕಿದಳು. ನಿಮ್ಮ ಪತ್ರದಲ್ಲಿ ಫೆಲಿಸಿತಾಳ ಹೆಸರೇ ಇಲ್ಲ.

ನೀವು ಮನಸ್ಸಿಟ್ಟು ಓದುವವರು, ಅದಕ್ಕೇ ಇಷ್ಟು ಬರೆದೆ. ಆ ದಿನಚರಿ ಒಂದೇ ಸಲ ಕೂತು ಮುಗಿಸುವಷ್ಟು ಚಿಕ್ಕದು. ಓದಿ. ಆಮೇಲೂ ನಿಮ್ಮ ಅಭಿಪ್ರಾಯ ಇದೇ ಆಗಿದ್ದರೆ ಬರೆಯಿರಿ, ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.